ವಾಟ್ಸ್‌ಆ್ಯಪ್‌ನಲ್ಲಿ ರೊಕ್ಕ: ಸೇಡಂ, ವಾಡಿ, ಚಿಂಚೋಳಿ ಸೀಮೆಯ ಹಣದ ದಾರಿಗಳು

ಮಾತಿಗೆಂದು ಹುಟ್ಟಿದ ಆ್ಯಪ್ ಹಣವನ್ನೂ ಕಳಿಸಬಹುದೇ ಎಂಬ ಪ್ರಶ್ನೆಗೆ ಭಾರತದ ನಿಯಮಗಳು ಈಗಾಗಲೇ ಹೌದು ಎಂದಿವೆ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, 2020ರ ನವೆಂಬರ್ 5ರಂದು ವಾಟ್ಸ್‌ಆ್ಯಪ್‌ಗೆ ಯುಪಿಐ ಸೇವೆ ನಡೆಸಲು ಒಪ್ಪಿಗೆ ಕೊಟ್ಟಿತು. ಎಷ್ಟು ಜನರಿಗೆ ಆ ಸೇವೆ ಕೊಡಬಹುದು ಎಂದು ಹಾಕಿದ್ದ ಮಿತಿಯನ್ನು 2024ರ ಡಿಸೆಂಬರ್ 31ರಂದು ತೆಗೆದೂ ಹಾಕಿತು. ಒಪ್ಪಿಗೆ ಸಿಕ್ಕಿದ್ದರಿಂದ ತೀರ್ಮಾನವಾದದ್ದು ಅರ್ಧ ವಿಷಯ ಮಾತ್ರ. ಮಾತು ಮತ್ತು ಹಣ ಒಂದೇ ಪರದೆಯ ಮೇಲೆ ಬಂದಾಗ ಮೋಸವಾದರೆ ಹೊಣೆ ಯಾರದು, ಯಾರ ಕೈಯ ಫೋನು ಯಾರ ಖಾತೆಯನ್ನು ಆಳುತ್ತದೆ, ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಲೆಕ್ಕ ಯಾರ ಬಳಿ ಉಳಿಯುತ್ತದೆ ಎಂಬ ಅರ್ಧ ಹಾಗೇ ಉಳಿದಿದೆ. ಇದನ್ನು ಬೆಂಗಳೂರಿನಲ್ಲಿ ನಿಂತು ನೋಡುವುದಕ್ಕಿಂತ ಕಲಬುರಗಿ ಜಿಲ್ಲೆಯ ಪೂರ್ವದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ನಿಂತು ನೋಡಿದರೆ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ದೂರದಿಂದ ಬರುವ ಹಣ, ದೂರಕ್ಕೆ ಹೋಗುವ ಹಣ ಎರಡೂ ಇಲ್ಲಿವೆ.

ಕಾಗಿಣಾ ನದಿಯ ಆಚೀಚಿನ ಈ ನೆಲದಡಿ ಇರುವುದು ಸುಣ್ಣದ ಕಲ್ಲು. ಶಹಾಬಾದಿನ ಪರಸಿ ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಕಲ್ಲು. ವಾಡಿ, ಮಳಖೇಡ, ಸೇಡಂ, ಚಿಂಚೋಳಿ ಕಡೆಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದೇ ಕಲ್ಲಿನ ಮೇಲೆ. ಕಾರ್ಖಾನೆಗಳ ಗುತ್ತಿಗೆ ಕೆಲಸಕ್ಕೆ ಬಿಹಾರ, ಒಡಿಶಾ, ಉತ್ತರ ಪ್ರದೇಶದಿಂದ ಬಂದವರು ಪ್ರತಿ ತಿಂಗಳು ಊರಿಗೆ ಹಣ ಕಳಿಸುತ್ತಾರೆ. ಇತ್ತ ಚಿಂಚೋಳಿ, ಸೇಡಂ, ಚಿತ್ತಾಪುರ ತಾಲ್ಲೂಕುಗಳ ಹಳ್ಳಿ ಮತ್ತು ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದ್‌ಗೆ ಗುಳೆ ಹೋದವರು ಮನೆಗೆ ಹಣ ಹಾಕುತ್ತಾರೆ. ನಡುವೆ ತೊಗರಿಯ ವ್ಯವಹಾರ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿ ತೊಗರಿ ಅಡತ್ ಅಂಗಡಿಗೆ ಬಂದಾಗ ದರ ಕುದುರುವುದು, ಚೀಲದ ಫೋಟೊ ಹೋಗುವುದು, ಹಣ ಬಂತೆಂಬ ಸುದ್ದಿ ಬರುವುದು ಬಹುಪಾಲು ವಾಟ್ಸ್‌ಆ್ಯಪ್‌ನಲ್ಲೇ. ಹಣ ಮಾತ್ರ ಬೇರೆ ಆ್ಯಪ್‌ನಲ್ಲಿ ಹೋಗುತ್ತದೆ.

ಈ ಸೀಮೆಗೆ ಹಣ ಕಳಿಸುವ ತೊಡಕು ಹೊಸದಲ್ಲ. ಮುಂಬೈಯಿಂದ ಮದ್ರಾಸಿಗೆ ಹೋಗುವ ರೈಲುದಾರಿ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಈ ಎರಡನೆಯ ದಾರಿಯ ನಿಲ್ದಾಣಗಳು. ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸಿದಂತೆ, ಈ ಸೀಮೆಗೆ ಬರುವ ರೊಕ್ಕವನ್ನೂ ಬದಲಿಸಬೇಕಿತ್ತು. ಈ ಸೀಮೆ ಆಗ ಸೇರಿದ್ದ ನಿಜಾಮರ ರಾಜ್ಯದ ನಾಣ್ಯ ಹಾಲಿ ಸಿಕ್ಕಾ, ಬ್ರಿಟಿಷ್ ಭಾರತದ್ದು ಕಲ್ದಾರ್. ಸ್ವಾತಂತ್ರ್ಯದ ನಂತರ ಜಾರಿಯಲ್ಲಿದ್ದ ದರದಂತೆ 7 ಹಾಲಿಗೆ 6 ಕಲ್ದಾರ್. ಅಂಚೆಯೂ ನಿಜಾಮರದ್ದು ಬೇರೆ ಇತ್ತು. 1950ರಲ್ಲಿ ಅದು ಭಾರತೀಯ ಅಂಚೆಯಲ್ಲಿ ಸೇರಿತು. ಹಾಲಿ ಸಿಕ್ಕಾ 1959ರವರೆಗೆ ಉಸಿರು ಹಿಡಿದುಕೊಂಡಿತ್ತು. ಆ ನಾಣ್ಯದ ಆಡಳಿತಕ್ಕಾಗಿ 1941ರಲ್ಲಿ ಕಟ್ಟಿದ ಹೈದರಾಬಾದ್ ಸ್ಟೇಟ್ ಬ್ಯಾಂಕೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ಊರಿಗೆ ಬರುವ ಹಣವನ್ನು ಯಾರ ಕೈಯಿಂದ, ಯಾವ ನಾಣ್ಯದಲ್ಲಿ, ಎಷ್ಟು ಬಟ್ಟಾ ಕೊಟ್ಟು ತರಿಸಬೇಕೆಂಬ ಯೋಚನೆ ಇಲ್ಲಿನ ಕುಟುಂಬಗಳಿಗೆ ಅಜ್ಜ ಮುತ್ತಜ್ಜರ ಕಾಲದ್ದು.

ಆಮೇಲಿನ ದೀರ್ಘ ಕಾಲ ಮನಿಯಾರ್ಡರ್‌ನದು. 20 ರೂಪಾಯಿಗೆ 1 ರೂಪಾಯಿ ಕಮಿಷನ್ ತೆಗೆದುಕೊಳ್ಳುತ್ತಿದ್ದ ಆ ಸೇವೆಯ ಹಳೆಯ ರೂಪವನ್ನು ಅಂಚೆ ಇಲಾಖೆ 2015ರಲ್ಲಿ ನಿಲ್ಲಿಸಿತು. ಈಗಿನ ಚರ್ಚೆಯಲ್ಲಿ ಮರೆತುಹೋಗಿರುವ ಸಂಗತಿಯೆಂದರೆ, ಮನಿಯಾರ್ಡರ್ ಫಾರಂನ ಕೆಳತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿತ್ತು. ಹಣದ ಜೊತೆಗೆ ಕ್ಷೇಮ ಸಮಾಚಾರ, ಯಾರಿಗೆ ಎಷ್ಟು ಕೊಡಬೇಕು ಎಂಬ ಸೂಚನೆ ಎಲ್ಲ ಆ ಚೀಟಿಯಲ್ಲೇ ಬರುತ್ತಿತ್ತು. ಮಾತು ಮತ್ತು ಹಣ ಒಟ್ಟಿಗೆ ಹೋಗುವುದೇ ಅಪಾಯ ಎಂದು ವಾದಿಸುವವರು ಈ ಚೀಟಿಗೆ ಉತ್ತರ ಕೊಡಬೇಕಾಗುತ್ತದೆ. ಆದರೆ ಆ ವ್ಯವಸ್ಥೆಯಲ್ಲಿ ಕಳಿಸುವವರಿಗೂ ಪಡೆಯುವವರಿಗೂ ನಡುವೆ ಒಬ್ಬ ಮನುಷ್ಯನಿದ್ದ. ಅಂಚೆಯಣ್ಣ ಮನೆ ಗುರುತು ಹಿಡಿದು, ಮುಖ ನೋಡಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು, ಎದುರಿಗೇ ನೋಟು ಎಣಿಸಿ ಕೊಡುತ್ತಿದ್ದ. ಸಂದೇಶವನ್ನು ಓದಿ ಹೇಳುವವನೂ ಎಷ್ಟೋ ಸಲ ಅವನೇ. ಹೆಸರನ್ನೂ ಮುಖವನ್ನೂ ತಾಳೆ ನೋಡುವ ಈ ಕೆಲಸ ಆ್ಯಪ್‌ನಲ್ಲಿ ಯಾರಿಗೆ ಬಿದ್ದಿದೆ ಎಂಬುದೇ ಈಗಿನ ತಕರಾರಿನ ತಿರುಳು.

ಮನಿಯಾರ್ಡರ್‌ಗೂ ಯುಪಿಐಗೂ ನಡುವೆ ರೈಲು ನಿಲ್ದಾಣ, ಬಸ್‌ಸ್ಟ್ಯಾಂಡಿನ ಬಳಿಯ ಮನಿ ಟ್ರಾನ್ಸ್‌ಫರ್ ಅಂಗಡಿಗಳ ಕಾಲವೊಂದಿತ್ತು. ಈಗಲೂ ಪೂರ್ತಿ ಹೋಗಿಲ್ಲ. ನೂರಕ್ಕೆ ಒಂದು ರೂಪಾಯಿಯ ಆಸುಪಾಸು ತೆಗೆದುಕೊಂಡು ಅಂಗಡಿಯವನು ಹಣ ಕಳಿಸಿ ರಸೀದಿ ಕೊಡುತ್ತಾನೆ. ಸ್ವಂತ ಫೋನಿನಲ್ಲಿ ಬಿಟ್ಟಿ ಆಗುವ ಕೆಲಸಕ್ಕೆ ದುಡ್ಡು ಕೊಡುವುದೇಕೆ ಎಂದು ಕೇಳಬಹುದು. ನಂಬರ್ ತಪ್ಪಿದರೆ ಬಂದು ಕೇಳಲು ಒಂದು ಅಂಗಡಿ ಇದೆ ಎಂಬುದಕ್ಕೇ ಜನ ಆ ರೂಪಾಯಿ ಕೊಡುತ್ತಾರೆ.

ಯುಪಿಐ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡದೆ ಮುಂದಿನ ವಾದ ತಿಳಿಯುವುದಿಲ್ಲ. 2016ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ರಘುರಾಮ್ ರಾಜನ್ ಚಾಲನೆ ಕೊಟ್ಟ ಈ ವ್ಯವಸ್ಥೆಯಲ್ಲಿ ಹಣ ಆ್ಯಪ್ ಒಳಗೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಕಳಿಸುವವರ ಬ್ಯಾಂಕ್ ಖಾತೆಯಿಂದ ಹೊರಟು ಪಡೆಯುವವರ ಬ್ಯಾಂಕ್ ಖಾತೆಗೆ ಸೇರುತ್ತದೆ. ಆ್ಯಪ್ ಮಾಡುವುದು ಆದೇಶವನ್ನು ಮುಟ್ಟಿಸುವ ಕೆಲಸ. ಅದನ್ನೂ ಯಾವುದಾದರೂ ಬ್ಯಾಂಕಿನ ಹೆಗಲ ಮೇಲೆ ಕೂತು ಮಾಡಬೇಕು. ವಾಟ್ಸ್‌ಆ್ಯಪ್ 2020ರಲ್ಲಿ ಹೀಗೆ ಹೆಗಲು ಪಡೆದದ್ದು ಐಸಿಐಸಿಐ, ಎಚ್‌ಡಿಎಫ್‌ಸಿ, ಆ್ಯಕ್ಸಿಸ್, ಸ್ಟೇಟ್ ಬ್ಯಾಂಕ್ ಮತ್ತು ಜಿಯೊ ಪೇಮೆಂಟ್ಸ್ ಬ್ಯಾಂಕ್‌ಗಳಿಂದ. ಪಿನ್ ಒತ್ತುವ ಪುಟ ಕೂಡ ಆ್ಯಪ್‌ನದ್ದಲ್ಲ, ಎನ್‌ಪಿಸಿಐ ಸಿದ್ಧಪಡಿಸಿಕೊಟ್ಟ ತಂತ್ರಾಂಶದ ತುಣುಕು. ಫೋನ್‌ಪೇ, ಗೂಗಲ್ ಪೇ, ವಾಟ್ಸ್‌ಆ್ಯಪ್ ಮೂರರಲ್ಲೂ ಆ ಪುಟ ಒಂದೇ ಬಗೆಯಾಗಿ ಕಾಣುವುದು ಅದಕ್ಕೇ. ಪಿನ್ ಏನೆಂದು ಆ್ಯಪ್‌ಗೆ ತಿಳಿಯುವುದಿಲ್ಲ. ಯಾರು, ಯಾರಿಗೆ, ಎಷ್ಟು, ಯಾವಾಗ ಎಂಬುದು ತಿಳಿಯುತ್ತದೆ.

ಚೀನಾದ ವೀಚಾಟ್ ಹಿಡಿದ ದಾರಿ ಇದಲ್ಲ. ಅಲ್ಲಿ 2013ರಲ್ಲಿ ಹಣ ಪಾವತಿ ಸೇರಿಸಿ, 2014ರ ಚೀನೀ ಹೊಸ ವರ್ಷಕ್ಕೆ ಕೆಂಪು ಲಕೋಟೆಯ ಉಡುಗೊರೆಯನ್ನು ಚಾಟ್‌ನೊಳಗೆ ತಂದರು. ಹಬ್ಬದ ಉಡುಗೊರೆ ಕೊಡುವ ಆಸೆಗೆ ಲಕ್ಷಾಂತರ ಜನ ಬ್ಯಾಂಕ್ ಖಾತೆ ಜೋಡಿಸಿದರು. ಇಲ್ಲಿ ಮದುವೆ ಮನೆಯ ಬಾಗಿಲಲ್ಲಿ ಆಯೇರಿ ಬರೆದುಕೊಳ್ಳಲು ನೋಟ್‌ಬುಕ್ ಹಿಡಿದು ಕೂರುವವರ ಜಾಗಕ್ಕೆ ಒಂದು ಕಂಪನಿ ಬಂದು ಕೂತಂತಾಯಿತು. ವಾಟ್ಸ್‌ಆ್ಯಪ್‌ನ ಒಡೆಯ ಫೇಸ್‌ಬುಕ್ ಇನ್ನೂ ಮುಂದೆ ಹೋಗಿ 2019ರ ಜೂನ್‌ನಲ್ಲಿ ಲಿಬ್ರಾ ಎಂಬ ತನ್ನದೇ ನಾಣ್ಯದ ಯೋಜನೆ ಪ್ರಕಟಿಸಿತು. ಸರ್ಕಾರಗಳು ಗುರುಗುಟ್ಟಿದ ಮೇಲೆ ಅದು ಡಿಯೆಮ್ ಎಂದು ಹೆಸರು ಬದಲಿಸಿಕೊಂಡು, 2022ರ ಜನವರಿಯಲ್ಲಿ ಆಸ್ತಿ ಮಾರಿ ಬಾಗಿಲು ಹಾಕಿತು. ಬ್ರೆಜಿಲ್‌ನಲ್ಲಿ 2020ರ ಜೂನ್‌ನಲ್ಲಿ ವಾಟ್ಸ್‌ಆ್ಯಪ್ ಪಾವತಿ ಶುರುವಾಗಿ ಒಂದು ವಾರ ಕಳೆಯುತ್ತಲೇ ಅಲ್ಲಿನ ಕೇಂದ್ರ ಬ್ಯಾಂಕ್ ತಡೆಯಿತು. ಅದೇ ವರ್ಷ ನವೆಂಬರ್‌ನಲ್ಲಿ ತನ್ನದೇ ಆದ ಪಿಕ್ಸ್ ವ್ಯವಸ್ಥೆ ತಂದು, ವಾಟ್ಸ್‌ಆ್ಯಪ್‌ಗೆ ಮರಳಿ ಒಪ್ಪಿಗೆ ಕೊಟ್ಟದ್ದು 2021ರಲ್ಲಿ. ದಾರಿ ಸಾರ್ವಜನಿಕವಾಗಿರಲಿ, ಗಾಡಿ ಖಾಸಗಿಯಾದರೂ ಆದೀತು ಎಂಬ ನಿಲುವಿಗೆ ಬ್ರೆಜಿಲ್ ಮತ್ತು ಭಾರತ ಬೇರೆ ಬೇರೆ ಕಡೆಯಿಂದ ಬಂದು ಸೇರಿದವು. ಸೇಡಂನ ಮಟ್ಟಿಗೆ ಇದರ ಫಲ ಸಣ್ಣದಲ್ಲ: ವಾಟ್ಸ್‌ಆ್ಯಪ್ ನಾಳೆ ಮುಚ್ಚಿದರೂ ಖಾತೆಯ ಹಣಕ್ಕೆ ಏನೂ ಆಗುವುದಿಲ್ಲ.

ಭಾರತದಲ್ಲಿ ವಾಟ್ಸ್‌ಆ್ಯಪ್ ಪಾವತಿ 2018ರ ಫೆಬ್ರುವರಿಯಲ್ಲೇ 10 ಲಕ್ಷ ಜನರ ನಡುವೆ ಪ್ರಯೋಗಕ್ಕೆ ಬಂದಿತ್ತು. ಅದೇ ವರ್ಷದ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್, ಪಾವತಿಗೆ ಸಂಬಂಧಿಸಿದ ಮಾಹಿತಿಯನ್ನೆಲ್ಲ ಭಾರತದಲ್ಲೇ ಇಡಬೇಕೆಂದು ಆದೇಶಿಸಿತು. ಆ ಷರತ್ತು ಪೂರೈಸಿದ್ದೇವೆಂದು ತೋರಿಸುವುದರಲ್ಲಿ ಎರಡೂವರೆ ವರ್ಷ ಕಳೆಯಿತು. ಕೊನೆಗೆ ಸಿಕ್ಕ ಒಪ್ಪಿಗೆಯೂ 2 ಕೋಟಿ ಬಳಕೆದಾರರಿಗೆ ಮಾತ್ರ. 2021ರ ನವೆಂಬರ್‌ನಲ್ಲಿ 4 ಕೋಟಿ, 2022ರ ಏಪ್ರಿಲ್‌ನಲ್ಲಿ 10 ಕೋಟಿ. ದೇಶದಲ್ಲಿ 40 ಕೋಟಿ ಬಳಕೆದಾರರಿದ್ದಾರೆಂದು ಕಂಪನಿ 2019ರಲ್ಲೇ ಹೇಳಿಕೊಂಡಿತ್ತು.

ಇಷ್ಟೆಲ್ಲ ಕಾವಲು ಹಾಕಿದ್ದು ಏಕಸ್ವಾಮ್ಯದ ಭಯಕ್ಕೆ. ಎಲ್ಲರ ಫೋನಿನಲ್ಲಿರುವ ಆ್ಯಪ್ ಒಂದೇ ದಿನದಲ್ಲಿ ಎಲ್ಲರ ಪಾವತಿಯನ್ನೂ ಬಾಚಿಕೊಂಡೀತೆಂಬ ಅಂಜಿಕೆ. ಆದದ್ದೇ ಬೇರೆ. ಮಿತಿ ಹೋದ ಮೇಲೂ ಯುಪಿಐ ವಹಿವಾಟಿನಲ್ಲಿ ವಾಟ್ಸ್‌ಆ್ಯಪ್‌ನ ಪಾಲು ಶೇ 1ಕ್ಕೂ ಕಡಿಮೆ ಇತ್ತು. ಕಾವಲಿಲ್ಲದ ಬಾಗಿಲಿನಿಂದ ಫೋನ್‌ಪೇ ಮತ್ತು ಗೂಗಲ್ ಪೇ ಎರಡೇ ಸೇರಿ ಶೇ 80ಕ್ಕೂ ಹೆಚ್ಚನ್ನು ಹಿಡಿದುಕೊಂಡವು. ಯಾವ ಆ್ಯಪ್‌ಗೂ ಶೇ 30ಕ್ಕಿಂತ ಹೆಚ್ಚು ಪಾಲು ಇರಕೂಡದೆಂದು ಎನ್‌ಪಿಸಿಐ ವಾಟ್ಸ್‌ಆ್ಯಪ್‌ಗೆ ಒಪ್ಪಿಗೆ ಕೊಟ್ಟ ದಿನವೇ ಹೇಳಿತ್ತು. ಅದನ್ನು ಪಾಲಿಸುವ ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ 2026ರ ಡಿಸೆಂಬರ್ 31ಕ್ಕೆ ಬಂದು ನಿಂತಿದೆ. 2025ರ ಆಗಸ್ಟ್‌ನಲ್ಲಿ ಯುಪಿಐ ವ್ಯವಹಾರಗಳ ಸಂಖ್ಯೆ ಮೊದಲ ಬಾರಿಗೆ ತಿಂಗಳಿಗೆ 2,000 ಕೋಟಿ ದಾಟಿತು. ಸೇಡಂನ ಚಹಾ ಅಂಗಡಿಯಲ್ಲಿ ‘ಫೋನ್‌ಪೇ ಮಾಡ್ರಿ’ ಎಂದರೆ ಯಾವುದರಲ್ಲಾದರೂ ಹಾಕಿರಿ ಎಂದೇ ಅರ್ಥ. ಅಷ್ಟರ ಮಟ್ಟಿಗೆ ಆ ಹೆಸರು ರೂಢಿಯಾಗಿಬಿಟ್ಟ ಮೇಲೆ ವಾಟ್ಸ್‌ಆ್ಯಪ್ ತಡವಾಗಿ ಬಂತು.

ತಡವಾದದ್ದೊಂದೇ ಕಾರಣವೂ ಅಲ್ಲ. ಅಂಗಡಿಯ ವ್ಯವಹಾರ ಚಾಟ್‌ನಲ್ಲಿ ನಡೆಯುವುದಿಲ್ಲ. ಗೋಡೆಯ ಮೇಲಿನ ಕ್ಯೂಆರ್ ಕೋಡ್ ಮುಂದೆ ನಡೆಯುತ್ತದೆ. ಹಣ ಬಂದಿತೆಂದು ಕೂಗಿ ಹೇಳುವ ಸೌಂಡ್ ಬಾಕ್ಸ್ ಅಂಗಡಿಕಾರನಿಗೆ ಎಷ್ಟು ಮುಖ್ಯವೆಂಬುದನ್ನು ಚಾಟ್ ಆ್ಯಪ್ ಕಟ್ಟಿದವರು ಊಹಿಸಿರಲಿಲ್ಲ. ಜನರೂ ಮಾತಾಡುವ ಜಾಗ ಒಂದು, ರೊಕ್ಕದ ಜಾಗ ಒಂದು ಎಂದು ತಾವಾಗಿ ಬೇರೆ ಇಟ್ಟುಕೊಂಡರು. ಯಾವ ನಿಯಮವೂ ಹೇಳದೆ ಬಂದ ಈ ವಿವೇಕವನ್ನು ನೀತಿ ರೂಪಿಸುವವರು ಗಮನಿಸಬೇಕಿತ್ತು.

ಸೌಲಭ್ಯದ ಪರವಾಗಿ ಹೇಳಬೇಕಾದದ್ದು ಇಲ್ಲವೆಂದಲ್ಲ. ಚಿಂಚೋಳಿಯ ಬೆಟ್ಟ ಕಾಡಿನ ಕಡೆ, ಕುಂಚಾವರಂ ಸುತ್ತಿನ ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಬರೆಯುವುದಕ್ಕೆ ತನ್ನದೇ ಲಿಪಿ ರೂಢಿಯಲ್ಲಿಲ್ಲದ ಆ ಮಾತಿಗೆ ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶ ಚೆನ್ನಾಗಿ ಒಗ್ಗಿತು. ಪುಣೆಯ ಕಟ್ಟಡದ ಕೆಲಸದಲ್ಲಿರುವ ಮಗ ಅವ್ವನಿಗೆ ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿ ಕಳಿಸುತ್ತಾನೆ. ಅವಳು ಕೇಳಿ, ಹಾಗೇ ಒತ್ತಿ ಹಿಡಿದು ಉತ್ತರಿಸುತ್ತಾಳೆ. ಕನ್ನಡ ಓದಲೂ ಬಾರದ, ಇಂಗ್ಲಿಷ್ ಅಂತೂ ಬಾರದ ಕೈಗೆ ತಿಳಿದ ಒಂದೇ ಪರದೆ ಅದು. ಅದೇ ಪರದೆಯಲ್ಲಿ, ಮಗನ ದನಿಯ ಕೆಳಗೇ ಅವನು ಕಳಿಸಿದ 3,000 ರೂಪಾಯಿ ಕಂಡರೆ, ಹಣ ಯಾರದು ಯಾತಕ್ಕೆ ಎಂದು ಮತ್ತೊಬ್ಬರನ್ನು ಕೇಳಬೇಕಿಲ್ಲ. ಫೋನಿನ ಮೆಮೊರಿ ತುಂಬಿ ಇನ್ನೊಂದು ಆ್ಯಪ್ ಹಾಕಲು ಜಾಗವಿಲ್ಲದವರಿಗೂ, ನೆಟ್‌ವರ್ಕ್ ಬಂದು ಹೋಗುವಲ್ಲಿ ಇರುವವರಿಗೂ ಒಂದೇ ಆ್ಯಪ್ ಸಾಕಾಗುವುದು ಅನುಕೂಲವೇ. ಹತ್ತು ಹೆಂಗಸರ ಭಿಶಿ ಚೀಟಿಯ ಗುಂಪಿನಲ್ಲಿ ಯಾರು ಕಟ್ಟಿದರು, ಯಾರದು ಬಾಕಿ ಎಂಬುದು ಎಲ್ಲರಿಗೂ ಒಮ್ಮೆಗೇ ಕಾಣುವುದೂ ಹಾಗೆಯೇ. ಬೆಂಗಳೂರಿನ ನಮ್ಮ ಮೆಟ್ರೊ 2022ರ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ಮೂಲಕ ಟಿಕೆಟ್ ಕೊಡತೊಡಗಿದಾಗ ಮೆಚ್ಚುಗೆ ಪಡೆದದ್ದೂ ಇದೇ ಅನುಕೂಲಕ್ಕೆ.

ಈ ಅನುಕೂಲವೇ ಮೋಸಗಾರನ ಬಂಡವಾಳ. ಚಾಟ್ ಆ್ಯಪ್‌ನಲ್ಲಿ ಒಬ್ಬರನ್ನು ಗುರುತಿಸುವುದು ಹೆಸರು ಮತ್ತು ಫೋಟೊದಿಂದ. ಹೆಸರು ಫೋನಿನವರೇ ಉಳಿಸಿಕೊಂಡದ್ದು, ಫೋಟೊ ಎದುರಿನವರು ಹಾಕಿದ್ದು. ಎರಡರಲ್ಲಿ ಒಂದನ್ನೂ ಯಾರೂ ಪರಿಶೀಲಿಸಿರುವುದಿಲ್ಲ. ಕರ್ನಾಟಕದಲ್ಲಿ ಪೊಲೀಸ್ ಅಧಿಕಾರಿಗಳ, ಜಿಲ್ಲಾಧಿಕಾರಿಗಳ ಫೋಟೊ ಹಾಕಿ ನಕಲಿ ಫೇಸ್‌ಬುಕ್ ಖಾತೆ ತೆರೆದು, ಅವರ ಪರಿಚಿತರಿಂದ ಹಣ ಕೇಳಿದ ಪ್ರಕರಣಗಳು ಪತ್ರಿಕೆಗಳಿಗೆ ಹಳೆಯ ಸುದ್ದಿ. ಆರು ಅಂಕಿಯ ಕೋಡ್ ಬಂದಿದೆ, ಹೇಳಿ ಎಂದು ಕೇಳಿ ವಾಟ್ಸ್‌ಆ್ಯಪ್ ಖಾತೆಯನ್ನೇ ವಶಪಡಿಸಿಕೊಂಡು, ಅದೇ ಹೆಸರಿನಿಂದ ‘ಅರ್ಜೆಂಟ್ ಐತಿ, 20,000 ಹಾಕು’ ಎಂದು ನೆಂಟರಿಗೆಲ್ಲ ಕಳಿಸುವುದು ಇನ್ನೊಂದು ಬಗೆ. ಇಂದು ರಾತ್ರಿ ಕರೆಂಟ್ ಕಟ್ ಆಗುತ್ತದೆ, ಈ ನಂಬರಿಗೆ ಕರೆ ಮಾಡಿ ಎಂಬುದು, ಮದುವೆ ಪತ್ರಿಕೆಯೆಂದೋ ಸಂಚಾರ ದಂಡದ ಚಲನ್ ಎಂದೋ ಬರುವ ಎಪಿಕೆ ಫೈಲ್, ವಿಡಿಯೊ ಕರೆಯಲ್ಲಿ ಪೊಲೀಸ್ ವೇಷ ತೊಟ್ಟು ಮಾಡುವ ‘ಡಿಜಿಟಲ್ ಅರೆಸ್ಟ್’ ಎಲ್ಲವೂ ಶುರುವಾಗುವುದು ಮಾತಿನ ಆ್ಯಪ್‌ಗಳಲ್ಲಿ. 2024ರಲ್ಲಿ ದೇಶದ ಜನ ಸೈಬರ್ ವಂಚನೆಗೆ ಕಳೆದುಕೊಂಡ ಹಣ 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಹಿಂದಿನ ವರ್ಷದ ಮೂರು ಪಟ್ಟು.

ಹಣ ಬೇರೆ ಆ್ಯಪ್‌ನಲ್ಲಿದ್ದಾಗ ಒಂದು ಸಣ್ಣ ತಡೆ ಇರುತ್ತದೆ. ಚಾಟ್ ಬಿಟ್ಟು ಹೊರಬಂದು, ಇನ್ನೊಂದು ಆ್ಯಪ್ ತೆರೆದು, ನಂಬರ್ ಹುಡುಕಬೇಕು. ಅಲ್ಲಿ ಕಾಣುವುದು ಚಾಟ್‌ನ ‘ಅಣ್ಣ’ ಅಲ್ಲ, ಬ್ಯಾಂಕಿನ ದಾಖಲೆಯ ಹೆಸರು. ಹಣ ಪಡೆಯುವವರ ಬ್ಯಾಂಕ್ ಹೆಸರನ್ನೇ ತೋರಿಸಬೇಕು, ಬಳಕೆದಾರರು ಇಟ್ಟುಕೊಂಡ ಹೆಸರನ್ನಲ್ಲ ಎಂದು ಎನ್‌ಪಿಸಿಐ 2025ರ ಜೂನ್ 30ರಿಂದ ಕಡ್ಡಾಯ ಮಾಡಿದ್ದು ಒಳ್ಳೆಯ ಹೆಜ್ಜೆ. ಆದರೆ ಆ ಹೆಸರು ಬರುವುದು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ. ಕನ್ನಡದಲ್ಲೇ ಓದು ಕಲಿತವರಿಗೆ ಅದು ಗೆರೆಗಳ ಸಾಲು. ಅಂಚೆಯಣ್ಣ ಮಾಡುತ್ತಿದ್ದ ತಾಳೆ ನೋಡುವ ಕೆಲಸವನ್ನು ಈ ಒಂದು ಸಾಲಿಗೆ ವಹಿಸಿ, ಆ ಸಾಲನ್ನು ಓದಲಾಗದ ಲಿಪಿಯಲ್ಲಿ ಇಟ್ಟದ್ದು ಇಡೀ ವ್ಯವಸ್ಥೆಯ ದೊಡ್ಡ ಲೋಪ. ಬ್ಯಾಂಕ್ ದಾಖಲೆಯ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸುವುದು, ಬೇಕಾದರೆ ಓದಿ ಹೇಳುವುದು ಇಂದಿನ ತಂತ್ರಜ್ಞಾನಕ್ಕೆ ಕಷ್ಟವೇನಲ್ಲ. ಸೌಂಡ್ ಬಾಕ್ಸ್ ಕನ್ನಡದಲ್ಲಿ ಕೂಗುತ್ತಿಲ್ಲವೇ.

ಇದೇ ಸಾಲಿನ ಇನ್ನೊಂದು ರೋಗ ಸ್ಕ್ರೀನ್‌ಶಾಟ್. ಪರಸಿ ಲಾರಿ ಹೊರಡುವ ಮುಂಚೆ, ತೊಗರಿ ಚೀಲ ಏರಿಸುವ ಮುಂಚೆ ‘ರೊಕ್ಕ ಹಾಕೀನ್ರಿ’ ಎಂದು ವಾಟ್ಸ್‌ಆ್ಯಪ್‌ಗೆ ಒಂದು ಚಿತ್ರ ಬರುತ್ತದೆ: ಹಸಿರು ಗುರುತು, ಮೊತ್ತ, ಹೊತ್ತು, 12 ಅಂಕಿಯ ಯುಟಿಆರ್ ನಂಬರ್. ಅಂಥ ಚಿತ್ರವನ್ನು ಹಣ ಹಾಕದೆಯೇ ತಯಾರಿಸುವ ನಕಲಿ ಆ್ಯಪ್‌ಗಳಿವೆ. ಚಿತ್ರ ನೋಡಿ ಮಾಲು ಬಿಟ್ಟವರು ಸಂಜೆ ಪಾಸ್‌ಬುಕ್ ನೋಡಿ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಈ ಒಂದು ವಿಷಯದಲ್ಲಿ ಚಾಟ್‌ನೊಳಗಿನ ಪಾವತಿಯೇ ಹೆಚ್ಚು ಭದ್ರ: ಅಲ್ಲಿ ಹಣ ಹೋದ ಗುರುತನ್ನು ಹಾಕುವುದು ಕಳಿಸುವವರಲ್ಲ, ವ್ಯವಸ್ಥೆ. ಸೌಲಭ್ಯವನ್ನು ಸಾರಾಸಗಟಾಗಿ ಬೇಡವೆನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ.

ಫೋನು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಬೇರೆಡೆಗಿಂತ ಹೆಚ್ಚು ತೂಕದ್ದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆ. ಖಾತೆ ಅವಳದ್ದು, ಅದಕ್ಕೆ ಜೋಡಿಸಿದ ನಂಬರ್ ಎಷ್ಟೋ ಮನೆಗಳಲ್ಲಿ ಮಗನದೋ ಗಂಡನದೋ. ಹೆಬ್ಬೆಟ್ಟು ಒತ್ತಿ ಹಣ ತೆಗೆಯಬೇಕಾದರೆ ಅವಳೇ ಬ್ಯಾಂಕ್ ಮಿತ್ರರ ಹತ್ತಿರ ಹೋಗಬೇಕು. ಯುಪಿಐಯಲ್ಲಾದರೆ ಆ ನಂಬರಿನ ಸಿಮ್ ಮತ್ತು ಪಿನ್ ಇದ್ದವರು ಸಾಕು. ಪಾವತಿಗೆ ಬೇರೆ ಆ್ಯಪ್ ಇದ್ದರೆ ಅದಕ್ಕೊಂದು ಬೀಗವಾದರೂ ಇರುತ್ತದೆ. ವಾಟ್ಸ್‌ಆ್ಯಪ್ ಮನೆಮಂದಿಯೆಲ್ಲ ತೆರೆಯುವ ಆ್ಯಪ್. ಮಕ್ಕಳು ಸ್ಟೇಟಸ್ ನೋಡಲು, ಶಾಲೆಯ ಗುಂಪಿನ ಪಾಠ ನೋಡಲು ತೆಗೆಯುವುದೂ ಅದನ್ನೇ. ಪಿನ್ ಕೇಳುತ್ತದೆ ನಿಜ, ಆದರೆ ನಾಲ್ಕೋ ಆರೋ ಅಂಕಿ ಮನೆಯೊಳಗೆ ಗುಟ್ಟಾಗಿ ಉಳಿಯುವುದು ಅಪರೂಪ. ಹೆಂಗಸರ ಹೆಸರಿಗೆ ಹಣ ಹಾಕುವ ಸರ್ಕಾರ, ಆ ಹೆಸರಿಗೆ ಜೋಡಿಸಿದ ನಂಬರ್ ಯಾರದೆಂದು ನೋಡದಿದ್ದರೆ ಅರ್ಧ ಕೆಲಸ ಮಾಡಿದಂತೆ.

ಮಾಹಿತಿಯ ವಿಷಯ ಇದಕ್ಕಿಂತ ಮಸುಕಾದದ್ದು, ಹಾಗಾಗಿ ಜನ ಅದರ ಬಗ್ಗೆ ಸಿಟ್ಟಾಗುವುದೂ ಕಡಿಮೆ. ವಾಟ್ಸ್‌ಆ್ಯಪ್‌ನ 2021ರ ಗೋಪ್ಯತಾ ನೀತಿ ಬಳಕೆದಾರರಿಗೆ ಆಯ್ಕೆಯನ್ನೇ ಕೊಡದೆ ಮಾಹಿತಿ ಹಂಚಿಕೊಳ್ಳುವಂತೆ ಮಾಡಿತೆಂದು ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಫೇಸ್‌ಬುಕ್‌ನ ಈಗಿನ ಹೆಸರಾದ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿ ಹೂಡಿತು. ಯಾರ ಜೊತೆ ಮಾತು ಎಂಬುದನ್ನು ಬಲ್ಲ ಕಂಪನಿಗೆ ಯಾರಿಗೆ ಎಷ್ಟು ಹಣ ಎಂಬುದೂ ಸಿಕ್ಕರೆ ಒಬ್ಬರ ಬದುಕಿನಲ್ಲಿ ಅದಕ್ಕೆ ತಿಳಿಯದೆ ಉಳಿಯುವುದು ಸ್ವಲ್ಪವೇ. ಪಾವತಿಯ ದಾಖಲೆ ಎಷ್ಟು ದೂರ ಹೋಗಬಲ್ಲದೆಂದು ಕರ್ನಾಟಕದ ಸಣ್ಣ ವ್ಯಾಪಾರಿಗಳು 2025ರ ಜುಲೈನಲ್ಲಿ ಕಂಡರು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ನೆಂಟರಿಂದ ಸಾಲವಾಗಿ ಬಂದದ್ದು, ಊರಿಂದ ಮಗ ಕಳಿಸಿದ್ದು ಎಲ್ಲವನ್ನೂ ವ್ಯಾಪಾರವೆಂದು ಎಣಿಸಿದ್ದಾರೆಂಬುದು ಅವರ ದೂರಾಗಿತ್ತು. ಮನೆಯ ಹಣವೂ ಅಂಗಡಿಯ ಹಣವೂ ಒಂದೇ ನಂಬರಿಗೆ ಬರುವಲ್ಲಿ ಈ ಗೊಂದಲ ತಪ್ಪುವುದಿಲ್ಲ. ಚಾಟ್ ಆ್ಯಪ್‌ನಲ್ಲಿ ಅದು ಇನ್ನಷ್ಟು ಕಲೆತುಹೋಗುತ್ತದೆ.

ಹೊಣೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರಿಗೆ ನಷ್ಟವಿಲ್ಲ. ಗ್ರಾಹಕರೇ ಗುಟ್ಟಿನ ಅಂಕಿ ಬಿಟ್ಟುಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಅವರದೇ. ಚಾಟ್‌ನ ಮೋಸದಲ್ಲಿ ಪಿನ್ ಒತ್ತಿದವರು ಗ್ರಾಹಕರೇ. ಹೀಗಾಗಿ ಬ್ಯಾಂಕ್ ಕೈ ತೊಳೆದುಕೊಳ್ಳುತ್ತದೆ, ನಕಲಿ ಖಾತೆಯನ್ನು ತನ್ನ ಅಂಗಳದಲ್ಲಿ ಇಟ್ಟುಕೊಂಡಿದ್ದ ಆ್ಯಪ್ ಆ ಮಾತುಕತೆಗೇ ಬರುವುದಿಲ್ಲ. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 7ರಿಂದ ಇಂಥ ಮೋಸಕ್ಕೆ ಸಿಕ್ಕವರಿಗೆ 85,000 ಪೌಂಡಿನವರೆಗೆ ಮರಳಿಸಬೇಕು; ಹೊರೆಯನ್ನು ಕಳಿಸಿದ ಬ್ಯಾಂಕ್ ಮತ್ತು ಪಡೆದ ಬ್ಯಾಂಕ್ ಅರ್ಧರ್ಧ ಹೊರುತ್ತವೆ. ಮೋಸ ಹುಟ್ಟಿದ ಜಾಲತಾಣ ಮಾತ್ರ ಏಕೆ ಹೊರಗೆ ಎಂದು ಅಲ್ಲಿನ ಬ್ಯಾಂಕುಗಳು ಕೇಳುತ್ತಲೇ ಇವೆ. ಆಸ್ಟ್ರೇಲಿಯಾ 2025ರ ಫೆಬ್ರುವರಿಯಲ್ಲಿ ಒಪ್ಪಿದ ಕಾಯ್ದೆ ಬ್ಯಾಂಕ್, ದೂರಸಂಪರ್ಕ ಕಂಪನಿ, ಸಾಮಾಜಿಕ ಜಾಲತಾಣ ಮೂವರನ್ನೂ ಒಂದೇ ಹೊಣೆಯ ಚೌಕಟ್ಟಿಗೆ ತರುವಂಥದ್ದು. ಭಾರತಕ್ಕೆ ಹೊಂದುವ ಮಾದರಿ ಇದೇ. ಪಾವತಿಯ ಗುಂಡಿ ಇಡುವ ಹಕ್ಕು ಬೇಕೆನ್ನುವ ಜಾಲತಾಣ, ತನ್ನಲ್ಲೇ ಶುರುವಾಗಿ ತನ್ನಲ್ಲೇ ಮುಗಿದ ಮೋಸದ ನಷ್ಟದಲ್ಲಿ ಪಾಲು ಹೊರಬೇಕು. ಹಾಗೆ ಹೊರಲು ಒಪ್ಪದ ಆ್ಯಪ್‌ಗೆ ಗುಂಡಿ ಬೇಡ.

ಉಳಿದ ಷರತ್ತುಗಳು ಇದರ ಹಿಂದೆ ತಾವಾಗಿ ಬರುತ್ತವೆ, ಏಕೆಂದರೆ ನಷ್ಟ ತನ್ನದಾದರೆ ಕಂಪನಿಯೇ ಎಚ್ಚರ ವಹಿಸುತ್ತದೆ. ಹೊಸ ನಂಬರಿಗೆ ಮೊದಲ ಬಾರಿ ದೊಡ್ಡ ಮೊತ್ತ ಹೋಗುವಾಗ ಕೆಲವು ತಾಸು ತಡೆದು ಕಳಿಸುವುದು, ಚಾಟ್ ಖಾತೆ ಹೊಸ ಫೋನಿಗೆ ಬದಲಾದ ದಿನ ಪಾವತಿಯನ್ನು ಮುಚ್ಚಿಡುವುದು, ಪಾವತಿಗೆ ಬೇರೆ ಬೀಗ ಇಡುವುದು ಅಂಥವು. ಇಂಥ ಕೆಲವು ಎಚ್ಚರಗಳನ್ನು ಎನ್‌ಪಿಸಿಐ ಮತ್ತು ಸರ್ಕಾರ ಈಗಾಗಲೇ ಮಾಡಿಸತೊಡಗಿವೆ. ‘ಹಣ ಬರುತ್ತದೆ, ಪಿನ್ ಒತ್ತಿ’ ಎಂದು ನಂಬಿಸಿ ಸುಲಿಯಲು ಬಳಕೆಯಾಗುತ್ತಿದ್ದ, ಒಬ್ಬರು ಇನ್ನೊಬ್ಬರಿಗೆ ಹಣದ ಕೋರಿಕೆ ಕಳಿಸುವ ಸೌಲಭ್ಯವನ್ನು ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಯುಪಿಐ ಆ್ಯಪ್ ಮೊದಲಿನಿಂದಲೂ ಫೋನಿನೊಳಗಿನ ಸಿಮ್‌ಗೆ ಕಟ್ಟುಬಿದ್ದದ್ದು. ಚಾಟ್ ಆ್ಯಪ್‌ಗಳಿಗೆ ಆ ಕಟ್ಟು ಇರಲಿಲ್ಲ, ಸಿಮ್ ತೆಗೆದರೂ ಖಾತೆ ನಡೆಯುತ್ತಿತ್ತು. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ವಾಟ್ಸ್‌ಆ್ಯಪ್, ಟೆಲಿಗ್ರಾಂ ಮುಂತಾದವಕ್ಕೂ ಸಿಮ್ ಕಟ್ಟು ಹಾಕಲು ಆದೇಶಿಸಿ 90 ದಿನಗಳ ಗಡುವು ಕೊಟ್ಟಿತು. ಮುಂಬೈಯಲ್ಲಿರುವ ಮಗನ ಹಳೆಯ ಸಿಮ್ ಒಂದು ಕಡೆ, ವಾಟ್ಸ್‌ಆ್ಯಪ್ ಇನ್ನೊಂದು ಕಡೆ ಇರುವ ಕುಟುಂಬಗಳಿಗೆ ಇದರಿಂದ ಕಿರಿಕಿರಿ ತಪ್ಪದು. ಹಣ ಮಾತಿನ ಜೊತೆ ಹೋಗಬೇಕಾದರೆ ಅಷ್ಟು ಕಿರಿಕಿರಿ ಸಹಿಸಲೇಬೇಕು.

ಸ್ಮಾರ್ಟ್‌ಫೋನೇ ಇಲ್ಲದವರಿಗೆ ಈ ಚರ್ಚೆ ಅನ್ವಯಿಸುವುದಿಲ್ಲ. ಅವರಿಗಾಗಿ 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123 ಪೇ ಕೀಪ್ಯಾಡ್ ಫೋನಿನ ಕರೆಯಿಂದಲೇ ನಡೆಯುತ್ತದೆ. ಹಣ ಕಳೆದುಕೊಂಡವರಿಗೆ, ಅದು ಯಾವ ಆ್ಯಪ್‌ನಲ್ಲಿ ಹೋಗಿರಲಿ, ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಕರೆ ಮಾಡುವಾಗ ಕೈಯಲ್ಲಿರಬೇಕಾದದ್ದು ಬ್ಯಾಂಕ್ ಖಾತೆಯ ನಂಬರ್, ಹಣ ಹೋದ ಹೊತ್ತು, ಮೊತ್ತ ಮತ್ತು ಆ 12 ಅಂಕಿಯ ಯುಟಿಆರ್. ಮೋಸಗಾರ ಹಣವನ್ನು ಬಾಡಿಗೆ ಖಾತೆಗಳಿಂದ ಖಾತೆಗೆ ದಾಟಿಸಿ ಎಟಿಎಂನಿಂದ ತೆಗೆಯುವ ಮುಂಚೆ ದೂರು ಮುಟ್ಟಿದರೆ, ಅದು ಎಲ್ಲಿ ಸಿಕ್ಕಿದೆಯೋ ಆ ಖಾತೆಯಲ್ಲೇ ಬ್ಯಾಂಕ್ ಅದನ್ನು ತಡೆಹಿಡಿಯುತ್ತದೆ. ಚಾಟ್‌ನ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬಾರದು. ಪೊಲೀಸರು ಮೊದಲು ಕೇಳುವ ಸಾಕ್ಷ್ಯ ಅದೇ.